ಆಹಾರ ಸುರಕ್ಷತಾ ಆಯುಕ್ತರಿಗೊಂದು ಪತ್ರ: ಹಾಲಿಗಿಂತ ಮೊದಲು ಹಿಂಡಿ ನೋಡಿ

ಮಾನ್ಯ ಆಯುಕ್ತರಿಗೆ ನಮಸ್ಕಾರ.

ನಾನು ಹಾವೇರಿ ಜಿಲ್ಲೆಯವನು. ನಮ್ಮೂರ ಹಾಲು ಉತ್ಪಾದಕರ ಸಂಘದಲ್ಲಿ ಬಹಳ ವರ್ಷ ಕಾರ್ಯದರ್ಶಿಯಾಗಿದ್ದೆ. ಈಗ ಎರಡು ಎಮ್ಮೆ ಕಟ್ಟಿಕೊಂಡು ಮನೆಯಲ್ಲಿದ್ದೇನೆ. ನಿಮ್ಮ ಇಲಾಖೆಯನ್ನು ಬೈಯಲು ಈ ಪತ್ರ ಬರೆಯುತ್ತಿಲ್ಲ, ಒಂದು ಕೆಲಸ ಕೇಳಲು ಬರೆಯುತ್ತಿದ್ದೇನೆ. ಗೋವಿನಜೋಳದ ಕಟಾವಿನ ಹೊತ್ತಿಗೆ ಮಳೆ ಬಿದ್ದರೆ ಆ ಸುದ್ದಿ ನಿಮ್ಮ ಮೇಜಿಗೂ ಬರಬೇಕು. ಕೃಷಿ ಇಲಾಖೆಗೆ ಬರುತ್ತದೆ, ಕಂದಾಯ ಇಲಾಖೆಗೆ ಬರುತ್ತದೆ. ನಿಮಗೂ ಬರಬೇಕು.

ಮಳೆಗೂ ಆಹಾರ ಸುರಕ್ಷತೆಗೂ ಏನು ಸಂಬಂಧ ಅಂತ ಕೇಳಬಹುದು. ಅಕ್ಟೋಬರ್, ನವೆಂಬರಿನಲ್ಲಿ ನಮ್ಮ ಕಡೆ ಬಂದು ನೋಡಿ. ಅರ್ಧ ರಸ್ತೆ ಹಳದಿಯಾಗಿರುತ್ತದೆ. ಗೋವಿನಜೋಳ ಒಣಗಲು ಹಾಕಿರುತ್ತಾರೆ. ಕಣ ಇರುವವರು ಕಡಿಮೆ, ಟಾರ್ ರಸ್ತೆ ಬೇಗ ಕಾಯುತ್ತದೆ. ಹೊಲದಿಂದ ಬಂದ ಕಾಳಿನಲ್ಲಿ ನೂರಕ್ಕೆ 20ಕ್ಕಿಂತ ಜಾಸ್ತಿ ತೇವ ಇರುತ್ತದೆ. ಅದು 14ರ ಆಸುಪಾಸಿಗೆ ಇಳಿಯದೆ ಚೀಲಕ್ಕೆ ತುಂಬಿದರೆ ಬೂಷ್ಟು ಬರುತ್ತದೆ. ಬಿಸಿಲಿದ್ದರೆ ಕೆಲವೇ ದಿನದ ಕೆಲಸ. ಮಳೆ ಹಿಡಿದುಕೊಂಡರೆ ರಾಶಿಗೆ ಟಾರ್ಪಾಲ್ ಹೊದಿಸಿ ಕಾಯುತ್ತಾ ಕೂರಬೇಕು. ಒಳಗೆ ಕಾಳು ಬೆವರುತ್ತದೆ, ಕಾವೇರುತ್ತದೆ, ತುದಿ ಕಪ್ಪಾಗುತ್ತದೆ, ಕೆಲವು ಮೊಳಕೆ ಒಡೆಯುತ್ತವೆ. ಟಾರ್ಪಾಲ್ ತೆಗೆದ ಕೂಡಲೇ ಮುಗ್ಗಲು ವಾಸನೆ ಮೂಗಿಗೆ ಹೊಡೆಯುತ್ತದೆ.

ಅದನ್ನು ಎಪಿಎಂಸಿಗೆ ಒಯ್ದರೆ ಖರೀದಿದಾರರು ಒಂದು ಹಿಡಿ ಕಾಳು ಅಂಗೈ ಮೇಲೆ ಹರಡಿ ನೋಡುತ್ತಾರೆ. ಒಳ್ಳೆ ಮಾಲಿಗೆ ಒಂದು ರೇಟು, ಕಪ್ಪು ಮಾಲಿಗೆ ಒಂದು ರೇಟು. ಕಪ್ಪು ಮಾಲನ್ನು ಯಾರೂ ಎಸೆಯುವುದಿಲ್ಲ. ಅದಕ್ಕೂ ಗಿರಾಕಿ ಇರುತ್ತಾರೆ. ತೀರಾ ಕಡಿಮೆಗೆ ಕೇಳಿದರೆ ರೈತ ವಾಪಸ್ ತಂದು, ದನಕ್ಕಾದರೂ ಆಗುತ್ತೆ ಬಿಡು ಅಂತ ನುಚ್ಚು ಮಾಡಿಸಿ ಇಡುತ್ತಾನೆ. ವರ್ಷವಿಡೀ ದುಡಿದು ಬೆಳೆದದ್ದನ್ನು ತಿಪ್ಪೆಗೆ ಹಾಕು ಎಂದು ಅವನಿಗೆ ಹೇಳುವ ಧೈರ್ಯ ನನಗಂತೂ ಇಲ್ಲ.

ಆ ಬೂಷ್ಟಿನಲ್ಲಿ ಒಂದು ಜಾತಿಯದು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. ಲಿವರ್ ಕ್ಯಾನ್ಸರಿಗೆ ಅದು ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಅದನ್ನು ಮೊದಲ ಗುಂಪಿನಲ್ಲೇ ಇಟ್ಟಿದೆ. ಶೇಂಗಾ ಹಿಂಡಿ, ಹತ್ತಿಕಾಳು ಹಿಂಡಿ, ಗೋವಿನಜೋಳದ ನುಚ್ಚು, ಮೂರರಲ್ಲೂ ಅದು ಸೇರಬಹುದು. ಶೇಂಗಾದ್ದು ಇನ್ನೊಂದು ಕಥೆ. ಅಲ್ಲಿ ಮಳೆ ಜಾಸ್ತಿಯಾದರೆ ಮಾತ್ರವಲ್ಲ, ಕಾಯಿ ಬಲಿಯುವ ಹೊತ್ತಿಗೆ ಬರ ಬಿದ್ದರೂ ವಿಷ ಕೂರುತ್ತದೆ. ಹಾಗಾಗಿ ಚಳ್ಳಕೆರೆ, ಪಾವಗಡದ ಕಡೆ ಮಳೆ ಕೈಕೊಟ್ಟ ವರ್ಷವೂ ಹುಷಾರಾಗಿರಬೇಕು.

ಹಸು ಆ ಮೇವು ತಿಂದರೆ ವಿಷದ ಒಂದು ಪಾಲು ರೂಪ ಬದಲಿಸಿ ಹಾಲಿಗೆ ಬರುತ್ತದೆ. ಅದರ ಹೆಸರು ಅಫ್ಲಾಟಾಕ್ಸಿನ್ ಎಂ1. ನೂರಕ್ಕೆ ಒಂದರಿಂದ ಆರು ಪಾಲು ಅಂತ ಲೆಕ್ಕ. ತಿಂದ ಒಂದು ದಿನದೊಳಗೆ ಹಾಲಿನಲ್ಲಿ ಕಾಣಿಸಿಕೊಳ್ಳುತ್ತದೆ. ಕಾಯಿಸಿದರೆ ಹೋಗುವುದಿಲ್ಲ, ಪಾಶ್ಚರೀಕರಿಸಿದರೂ ಹೋಗುವುದಿಲ್ಲ. ನಮ್ಮ ಸಂಘದ ಯಂತ್ರದಲ್ಲಿ ಫ್ಯಾಟ್ ಗೊತ್ತಾಗುತ್ತದೆ, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನ ಉಳಿದ ಘನಾಂಶ) ಗೊತ್ತಾಗುತ್ತದೆ, ಇದು ಗೊತ್ತಾಗುವುದಿಲ್ಲ. ಆದರೆ ಒಂದು ಒಳ್ಳೆ ಸಂಗತಿಯೂ ಇದೆ. ಕೆಟ್ಟ ಹಿಂಡಿ ನಿಲ್ಲಿಸಿದರೆ ಮೂರು ನಾಲ್ಕು ದಿನದಲ್ಲಿ ಹಾಲು ಸರಿಹೋಗುತ್ತದೆ. ಬೇಗ ತಿಳಿದರೆ ಪರಿಹಾರ ಇಷ್ಟು ಸುಲಭ. ನನ್ನ ಸಂಕಟವೆಲ್ಲ ಆ 'ಬೇಗ' ಅನ್ನುವುದರ ಬಗ್ಗೆಯೇ.

ಇದು ನನ್ನ ಕಲ್ಪನೆಯಲ್ಲ. ನಿಮ್ಮದೇ ಕೇಂದ್ರ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ದೇಶದಾದ್ಯಂತ 6,432 ಹಾಲಿನ ಸ್ಯಾಂಪಲ್ ತೆಗೆಸಿತು, ಮರುವರ್ಷ ವರದಿ ಕೊಟ್ಟಿತು. ಯೂರಿಯಾ, ಡಿಟರ್ಜೆಂಟ್ ಅಂತ ನಾವೆಲ್ಲ ಹೆದರುತ್ತೇವಲ್ಲ, ಆ ಥರದ ಕಲಬೆರಕೆ ಸಿಕ್ಕಿದ್ದು 12 ಸ್ಯಾಂಪಲಿನಲ್ಲಿ. ಅಫ್ಲಾಟಾಕ್ಸಿನ್ ಎಂ1 ಮಿತಿ ಮೀರಿದ್ದು 368ರಲ್ಲಿ. ಹಸಿ ಹಾಲಿಗಿಂತ ಪ್ಯಾಕೆಟ್ ಹಾಲಿನಲ್ಲೇ ಜಾಸ್ತಿ. ಮುಂದೆ ನಿಂತ ಹೆಸರುಗಳಲ್ಲಿ ನಮ್ಮ ಪಕ್ಕದ ತಮಿಳುನಾಡು ಮತ್ತು ಕೇರಳ ಇದ್ದವು. ಇದೂ ಕೆಜಿಗೆ ಅರ್ಧ ಮೈಕ್ರೋಗ್ರಾಂ ಎಂಬ ನಮ್ಮ ಮಿತಿಯ ಲೆಕ್ಕದಲ್ಲಿ. ಯುರೋಪಿನ ಮಿತಿ ಅದರ ಹತ್ತನೇ ಒಂದು ಭಾಗ. ಆದರೂ ವಾಟ್ಸಾಪಿನಲ್ಲಿ ಇವತ್ತಿಗೂ ತಿರುಗುವುದು ಪ್ಲಾಸ್ಟಿಕ್ ಅಕ್ಕಿಯ ವಿಡಿಯೋ. ಹಿಂಡಿಯ ವಿಡಿಯೋ ಒಂದೂ ನನಗೆ ಬಂದಿಲ್ಲ.

ನಿಮ್ಮ ಇಲಾಖೆ ಕೆಲಸ ಮಾಡುತ್ತಿಲ್ಲ ಎಂದು ನಾನು ಹೇಳುವುದಿಲ್ಲ. 2024ರ ಮಾರ್ಚಿನಲ್ಲಿ ಗೋಬಿ ಮಂಚೂರಿಯ 171 ಸ್ಯಾಂಪಲಿನಲ್ಲಿ 107 ಅಸುರಕ್ಷಿತ ಎಂದು ಬಂತು. ಬಾಂಬೆ ಮಿಠಾಯಿಯ 25ರಲ್ಲಿ 15. ರೋಡಮಿನ್-ಬಿ ಬಣ್ಣ ನಿಷೇಧವಾಯಿತು. ಅದೇ ವರ್ಷ ಕಬಾಬಿನ ಬಣ್ಣ ನಿಂತಿತು, ಲಿಕ್ವಿಡ್ ನೈಟ್ರೋಜನ್ನಿನ ಹೊಗೆ ಬಿಸ್ಕತ್ತಿಗೂ ತಡೆ ಬಿತ್ತು. 2025ರಲ್ಲಿ ಇಡ್ಲಿ ತಟ್ಟೆಗೆ ಹಾಕುವ ಪ್ಲಾಸ್ಟಿಕ್ ಹಾಳೆ. ಎಲ್ಲ ಒಳ್ಳೆಯದೇ ಆಯಿತು. ಆದರೆ ಒಂದು ವಿಷಯ ಗಮನಿಸಿ. ಬಣ್ಣ, ಹೊಗೆ, ಪ್ಲಾಸ್ಟಿಕ್, ಇವೆಲ್ಲ ಕಣ್ಣಿಗೆ ಕಾಣುವಂಥವು. ಕ್ಯಾಮೆರಾ ಮುಂದೆ ಹಿಡಿದು ತೋರಿಸಬಹುದು. ಅದರಲ್ಲೂ ಹೊಗೆ ಬಿಸ್ಕತ್ತಿನ ಮೇಲೆ ಎಲ್ಲರ ಗಮನ ಹರಿದದ್ದು ಮಗುವೊಂದು ನರಳುವ ವಿಡಿಯೋ ಊರೆಲ್ಲ ಹರಡಿದ ಮೇಲೆ. ಅಫ್ಲಾಟಾಕ್ಸಿನ್ನಿಗೆ ಬಣ್ಣ ಇಲ್ಲ, ರುಚಿ ಇಲ್ಲ. ಕುಡಿದ ಮಗು ಅವತ್ತು ಅಳುವುದೂ ಇಲ್ಲ. ಆ ತೊಂದರೆ ಇಪ್ಪತ್ತು ಮೂವತ್ತು ವರ್ಷದ ನಂತರ ಬೇರೆ ಯಾವುದೋ ಆಸ್ಪತ್ರೆಯಲ್ಲಿ ಕಾಣುತ್ತದೆ. ಆಗ ಯಾರೂ ಹಿಂಡಿಯನ್ನು ನೆನಪಿಸಿಕೊಳ್ಳುವುದಿಲ್ಲ.

ಕಣ್ಣಿಗೆ ಕಾಣದಿದ್ದರೆ ಹೇಗೆ ಹುಡುಕುವುದು? ಹಳೆಯ ಘಟನೆಗಳನ್ನು ನೋಡಿದರೆ ಮೊದಲ ಸೂಚನೆ ಸಿಕ್ಕಿದ್ದು ಹಲವು ಸಲ ಮಳೆಯಿಂದ, ಇಲ್ಲ ಪ್ರಾಣಿಗಳಿಂದ. ಅಫ್ಲಾಟಾಕ್ಸಿನ್ ಎಂಬ ವಿಷ ಇದೆ ಎಂದು ಜಗತ್ತಿಗೆ ಗೊತ್ತಾದದ್ದೇ 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷ ಟರ್ಕಿ ಕೋಳಿಗಳು ಸತ್ತಾಗ. ಅವು ತಿಂದದ್ದು ಬ್ರೆಜಿಲಿನಿಂದ ಬಂದ ಶೇಂಗಾ ಹಿಂಡಿ. ನಮ್ಮ ದೇಶದಲ್ಲಿ 1974ರಲ್ಲಿ ರಾಜಸ್ಥಾನದ ಬಾಂಸವಾಡಾ, ಗುಜರಾತಿನ ಪಂಚಮಹಲ್ ಕಡೆ ಕಟಾವಿನ ಹೊತ್ತಿಗೆ ಅಕಾಲಿಕ ಮಳೆಯಾಯಿತು. ಬೂಷ್ಟು ಹಿಡಿದ ಗೋವಿನಜೋಳವನ್ನೇ ಬಡ ಆದಿವಾಸಿಗಳು ತಿಂದರು. ಸುಮಾರು 400 ಜನಕ್ಕೆ ಕಾಮಾಲೆ ಬಂತು, 106 ಜನ ತೀರಿಕೊಂಡರು. ಅದೇ ಮನೆಗಳ ಅನ್ನ ತಿಂದ ನಾಯಿಗಳಿಗೂ ಅದೇ ರೋಗ ಬಂದಿತ್ತು.

ಚೀನಾದಲ್ಲಿ ಮೆಲಮಿನ್ ಎಂಬ, ಪ್ಲಾಸ್ಟಿಕ್ ತಯಾರಿಕೆಯ ರಾಸಾಯನಿಕ ಬೆರೆತ ಹಾಲಿನ ಪುಡಿ ನಿಮಗೆ ನೆನಪಿರಬೇಕು. 2008ರಲ್ಲಿ ಸುಮಾರು 3 ಲಕ್ಷ ಮಕ್ಕಳಿಗೆ ತೊಂದರೆಯಾಯಿತು, 6 ಕೂಸುಗಳು ಸತ್ತವು. ಹಾಲಿಗೆ ನೀರು ಬೆರೆಸಿ, ಪ್ರೋಟೀನ್ ಪರೀಕ್ಷೆಯಲ್ಲಿ ಪಾಸಾಗಲಿ ಎಂದು ಮೆಲಮಿನ್ ಹಾಕಿದ್ದರು. ಆ ಪರೀಕ್ಷೆ ಅಳೆಯುವುದು ನೈಟ್ರೋಜನ್ನನ್ನು, ಮೆಲಮಿನ್ನಿನಲ್ಲಿ ಅದು ಧಾರಾಳ. ಡೇರಿಯಲ್ಲಿ ಕೂತವನಿಗೆ ಈ ಬುದ್ಧಿ ತಟ್ಟನೆ ಅರ್ಥವಾಗುತ್ತದೆ. ಆದರೆ ಅದಕ್ಕೆ ಒಂದು ವರ್ಷ ಮೊದಲೇ, 2007ರಲ್ಲಿ, ಅಮೆರಿಕದಲ್ಲಿ ಸಾಕಿದ ನಾಯಿ ಬೆಕ್ಕುಗಳು ಕಿಡ್ನಿ ಕೆಟ್ಟು ಸತ್ತಿದ್ದವು. ಅವುಗಳ ತಿಂಡಿಗೆ ಹಾಕಿದ್ದ, ಚೀನಾದಿಂದ ಬಂದ ಗೋಧಿ ಪ್ರೋಟೀನಿನಲ್ಲಿ ಇದೇ ಮೆಲಮಿನ್ ಇತ್ತು. ಪ್ರಾಣಿಯ ತಿಂಡಿಗೆ ಹಾಕಿದವರು ಮನುಷ್ಯರ ತಿಂಡಿಗೂ ಹಾಕಬಹುದು ಎಂದು ಅವತ್ತೇ ಒಬ್ಬರು ಹಾಲಿನ ಪುಡಿಯನ್ನೂ ಪರೀಕ್ಷೆಗೆ ಕಳಿಸಿದ್ದರೆ?

ಅಷ್ಟು ದೂರ ಏಕೆ ಹೋಗಬೇಕು. 1995ರಲ್ಲಿ ನಮ್ಮ ರಾಜ್ಯದಲ್ಲೂ ಅವತ್ತಿನ ಆಂಧ್ರದಲ್ಲೂ ಕೆಲವು ಹಳ್ಳಿಗಳ ಜನಕ್ಕೆ ಹೊಟ್ಟೆನೋವು, ಹೊಟ್ಟೆ ಗುಡುಗುಡು, ಭೇದಿ ಶುರುವಾಯಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಹೋಗಿ ನೋಡಿದರು. ಸರ್ವೆ ಮಾಡಿದ 100 ಹಳ್ಳಿಗಳಲ್ಲಿ 27ರಲ್ಲಿ ರೋಗ ಇತ್ತು. ಕಾರಣ ರೊಟ್ಟಿ. ಮಳೆಗೆ ಸಿಕ್ಕು ಬೂಷ್ಟು ಹಿಡಿದ ಜೋಳ, ಗೋವಿನಜೋಳ ಬೀಸಿ ಮಾಡಿದ ರೊಟ್ಟಿ. ವಿಷದ ಹೆಸರು ಫ್ಯುಮೋನಿಸಿನ್. ನಮ್ಮ ಭಾಗದಲ್ಲಿ ರೊಟ್ಟಿಯಿಲ್ಲದ ಊಟ ಊಟವೇ ಅಲ್ಲ. ಆದರೂ ಈ ಘಟನೆಯ ಬಗ್ಗೆ ಮಾತಾಡುವವರನ್ನು ನಾನು ಹೆಚ್ಚು ಕಂಡಿಲ್ಲ. ಪುಣ್ಯಕ್ಕೆ ಆ ರೋಗ ಬೇಗ ವಾಸಿಯಾಗುವಂಥದ್ದು. ಜನ ಮರೆತದ್ದೂ ಬಹುಶಃ ಅದಕ್ಕೇ.

ಈಗ ಕಾನೂನಿನ ಮಾತಿಗೆ ಬರುತ್ತೇನೆ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರಲ್ಲಿ 'ಆಹಾರ' ಎಂದರೇನು ಎಂದು ಬರೆದಿದ್ದಾರೆ. ಪಶು ಆಹಾರ ಅದರಲ್ಲಿ ಸೇರುವುದಿಲ್ಲ. ಕಟಾವಿಗೆ ಮೊದಲಿನ ಬೆಳೆಯೂ ಸೇರುವುದಿಲ್ಲ. ಅಂದರೆ ಹೊಲದಲ್ಲಿ ಬೂಷ್ಟು ಬಂದಾಗ ಅದು ಕೃಷಿ ಇಲಾಖೆಯದು. ಹಿಂಡಿಯಾದಾಗ ಪಶುಸಂಗೋಪನೆಯದು. ಹಾಲಾಗಿ ಕ್ಯಾನಿಗೆ ಬಿದ್ದ ಮೇಲೆ ನಿಮ್ಮದು. ಆಗಲೂ ನಿಮ್ಮ ಅಧಿಕಾರಿ ಸ್ಯಾಂಪಲ್ ತೆಗೆದು, ನಾಲ್ಕು ಭಾಗ ಮಾಡಿ, ಸೀಲು ಹಾಕಿ ಕಳಿಸಿದರೆ ವರದಿ ಕೊಡಲು ವಿಶ್ಲೇಷಕರಿಗೆ 14 ದಿನ ಇದೆ. ಕೇಸು ಹಾಕಲು ಈ ಪದ್ಧತಿ ಸರಿ. ಆದರೆ ಹಾಲು 14 ದಿನ ಕಾಯುತ್ತದೆಯೇ? ಮರುದಿನವೇ ಯಾರದೋ ಮನೆಯಲ್ಲಿ ಚಹಾ ಆಗಿರುತ್ತದೆ.

ಅದೇ ಕಾಯ್ದೆಯ 16ನೇ ಕಲಮಿನಲ್ಲಿ ಇನ್ನೊಂದು ಮಾತಿದೆ. ಹೊಸದಾಗಿ ತಲೆ ಎತ್ತುವ ಅಪಾಯಗಳನ್ನು ಗುರುತಿಸಬೇಕು, ಬೇಗ ಎಚ್ಚರಿಸುವ ವ್ಯವಸ್ಥೆ ತರಬೇಕು, ಅದಕ್ಕೆ ಬೇಕಾದ ಮಾಹಿತಿ ಕೂಡಿಹಾಕಬೇಕು ಎಂದು ಕೇಂದ್ರ ಪ್ರಾಧಿಕಾರಕ್ಕೆ ಹೇಳಿದೆ. ದೆಹಲಿಯಲ್ಲಿ ಕೂತವರು ಎಲ್ಲಿಂದ ಕೂಡಿಹಾಕುತ್ತಾರೆ? ಜಿಲ್ಲೆಗಳಿಂದ ಹೋಗಬೇಕು. 35ನೇ ಕಲಮಿನಲ್ಲಿ ಫುಡ್ ಪಾಯ್ಸನ್ ಕಂಡರೆ ವೈದ್ಯರು ತಿಳಿಸಬೇಕು ಎಂದು ಆದೇಶ ಮಾಡಲು ಅವಕಾಶ ಇದೆ. ಅಲ್ಲಿ ಹೇಳಿರುವುದು ಮನುಷ್ಯರ ವೈದ್ಯರ ಬಗ್ಗೆ. ಪಶುವೈದ್ಯರ ಮಾತು ಇಲ್ಲ. ನನ್ನ ಪ್ರಕಾರ ದೊಡ್ಡ ಕೊರತೆ ಇದು. ನಮ್ಮೂರ ಪಶು ಆಸ್ಪತ್ರೆಯವರಿಗೆ ಗೊತ್ತಾಗುವ ಸಂಗತಿ ತಾಲ್ಲೂಕು ಆಸ್ಪತ್ರೆಗೆ ಗೊತ್ತಾಗಲು ತಿಂಗಳುಗಳು ಬೇಕು, ಕೆಲವು ಸಲ ವರ್ಷಗಳು.

ನಮ್ಮ ಸಂಘದಲ್ಲೇ ಒಂದು ಸಲ ಹೀಗಾಯಿತು. ಜೋರು ಮಳೆಯ ಹಂಗಾಮು ಮುಗಿದಿತ್ತು. ಕೆಲವು ಮನೆಗಳ ಹಾಲು ಇದ್ದಕ್ಕಿದ್ದಂತೆ ಇಳಿಯಿತು. ದನ ಹಿಂಡಿ ಮೂಸಿ ಬಿಡುತ್ತವೆ, ತಿನ್ನುವುದಿಲ್ಲ ಅಂದರು. ರಿಜಿಸ್ಟರ್ ತೆಗೆದು ನೋಡಿದರೆ ಹಾಲು ಇಳಿದ ಮನೆಗಳೆಲ್ಲ ಒಂದೇ ಅಂಗಡಿಯ ಒಂದೇ ಲಾಟಿನ ಹಿಂಡಿ ತಂದವರು. ಅಂಗಡಿಯವರನ್ನು ಕೇಳಿದರೆ ಚಳಿಗೆ ಹಾಗಾಗುತ್ತೆ ಅಂದರು. ಯಾರಿಗೆ ತಿಳಿಸಬೇಕೆಂದು ಒಂದು ಕಚೇರಿಗೆ ಹೋದರೆ ಇನ್ನೊಂದಕ್ಕೆ ಹೋಗಿ ಅಂದರು. ಅಲ್ಲಿಯೂ ಅದೇ ಮಾತು. ಅಷ್ಟರಲ್ಲಿ ಚೀಲಗಳು ಖಾಲಿಯಾದವು. ಅದು ಅಫ್ಲಾಟಾಕ್ಸಿನ್ನೋ ಬೇರೇನೋ, ನನಗೆ ಇವತ್ತಿಗೂ ಗೊತ್ತಿಲ್ಲ. ಪರೀಕ್ಷೆಯೇ ಆಗಲಿಲ್ಲವಲ್ಲ.

ಹಾಲಿನ ಸಂಘದ ರಿಜಿಸ್ಟರ್ ಅಂದರೆ ಸುಮ್ನೆ ಲೆಕ್ಕದ ಪುಸ್ತಕ ಅಂದುಕೊಳ್ಳಬೇಡಿ. ಯಾವ ಮನೆ, ಯಾವ ಹೊತ್ತು, ಎಷ್ಟು ಲೀಟರ್, ದಿನಕ್ಕೆ ಎರಡು ಸಲ ಬರೆದಿರುತ್ತೇವೆ. ಹಾಲು ಇಳಿಯಲು ನೂರು ಕಾರಣ ಇರುತ್ತವೆ, ಒಪ್ಪುತ್ತೇನೆ. ಒಬ್ಬರ ಮನೆಯಲ್ಲಿ ಇಳಿದರೆ ಅದು ಆ ಹಸುವಿನ ವಿಷಯ. ಅಕ್ಕಪಕ್ಕದ ನಾಲ್ಕು ಊರಿನಲ್ಲಿ ಒಂದೇ ವಾರ ಇಳಿದರೆ ಯಾರಾದರೂ ಬಂದು ಹಿಂಡಿ ಚೀಲ ಬಿಚ್ಚಿ ನೋಡಬೇಕು ಅಲ್ವಾ?

ಬೆಲೆಯಲ್ಲೂ ಸೂಚನೆ ಇದೆ. ಎಪಿಎಂಸಿ ದಿನದ ಧಾರಣೆಯಲ್ಲಿ ಕನಿಷ್ಠ ಬೆಲೆ, ಗರಿಷ್ಠ ಬೆಲೆ ಎರಡೂ ಕೊಡುತ್ತಾರೆ. ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಎಲ್ಲರೂ ಗರಿಷ್ಠ ಎಷ್ಟು ಅಂತ ನೋಡುತ್ತಾರೆ. ನೀವು ಎರಡರ ನಡುವಿನ ಅಂತರ ನೋಡಿ. ಕಟಾವಿನಲ್ಲಿ ಮಳೆ ಬಂದ ವರ್ಷ ಆ ಅಂತರ ಅಗಲವಾಗುತ್ತದೆ, ಏಕೆಂದರೆ ಕಪ್ಪು ಮಾಲು ಮಾರುಕಟ್ಟೆಗೆ ಬಂದಿರುತ್ತದೆ. 2021ರ ನವೆಂಬರಿನಲ್ಲಿ ರಾಜ್ಯದ ಬಹುಭಾಗದಲ್ಲಿ ಅಕಾಲಿಕ ಮಳೆಯಾಗಿ ಪೈರು ನೆಲಕಚ್ಚಿತು. ಎಕರೆಯ ಲೆಕ್ಕ ಬಂತು, ಪರಿಹಾರದ ಲೆಕ್ಕ ಬಂತು. ಕೆಟ್ಟ ಕಾಳು ಯಾವ ಕಡೆ ಹೋಯಿತು ಎಂಬ ಲೆಕ್ಕ ಮಾತ್ರ ನನ್ನ ಕಣ್ಣಿಗೆ ಬೀಳಲಿಲ್ಲ.

ಮಳೆಯ ಲೆಕ್ಕವಂತೂ ನಮ್ಮ ರಾಜ್ಯದಲ್ಲಿ ಇರುವಷ್ಟು ಚೆನ್ನಾಗಿ ಎಲ್ಲೂ ಇರಲಿಕ್ಕಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ ಇಟ್ಟಿದ್ದಾರೆ. ಆರೋಗ್ಯ ಇಲಾಖೆ ವಾರವಾರ ರೋಗಗಳ ವರದಿ ತರಿಸುತ್ತದೆ. ಎಪಿಎಂಸಿಯದು ದಿನವೂ ಬರುತ್ತದೆ. ಹೊಸದಾಗಿ ಕಟ್ಟಬೇಕಾದ್ದು ಏನೂ ಇಲ್ಲ. ಇವನ್ನೆಲ್ಲ ಒಂದೇ ಮೇಜಿನ ಮೇಲೆ ಇಟ್ಟುಕೊಂಡು ಓದುವ ಒಬ್ಬ ಮನುಷ್ಯ ಪ್ರತಿ ಜಿಲ್ಲೆಗೂ ಬೇಕು. ಅವರಿಗೆ ದಾಳಿ ಮಾಡುವ ಕೆಲಸ ಬೇಡ, ದಂಡ ಹಾಕುವ ಅಧಿಕಾರವೂ ಬೇಡ. ಓದಿ, ನಾಲ್ಕು ಫೋನ್ ಮಾಡಿ, ಈ ವಾರ ಈ ಹೋಬಳಿಯ ಹಿಂಡಿ ನೋಡಿ ಎಂದು ಹೇಳುವಂತಿದ್ದರೆ ಸಾಕು.

ಹೇಳಿದ ಮೇಲೆ ಪರೀಕ್ಷೆಯೂ ಬೇಗ ಆಗಬೇಕು. ಎಂ1 ನೋಡುವ ಪಟ್ಟಿಗಳು ಬಂದಿವೆ, ಅದೇ ಗರ್ಭ ಪರೀಕ್ಷೆಯ ಪಟ್ಟಿಯ ಥರದ್ದು, ನಿಮಿಷಗಳಲ್ಲಿ ಗೆರೆ ಮೂಡುತ್ತದೆ. ಪ್ರತಿ ಹಸುವನ್ನು ನೋಡಬೇಕಿಲ್ಲ. ಹಲವು ಊರಿನ ಹಾಲು ಬಂದು ಸೇರುವ ಬಲ್ಕ್ ಕೂಲರಿನಲ್ಲಿ ನೋಡಿ. ಅಲ್ಲಿ ಬಂದರೆ ಹಿಂದಕ್ಕೆ ಒಂದೊಂದೇ ಸಂಘಕ್ಕೆ ಹೋಗಿ. ಮಕ್ಕಳು ದೇಹದ ತೂಕಕ್ಕೆ ಹೋಲಿಸಿದರೆ ನಮಗಿಂತ ಜಾಸ್ತಿ ಹಾಲು ಕುಡಿಯುತ್ತಾರೆ. 2013ರಿಂದ ಕ್ಷೀರಭಾಗ್ಯದಲ್ಲಿ ಶಾಲೆಯಲ್ಲೂ ಕುಡಿಯುತ್ತಿದ್ದಾರೆ. ಒಳ್ಳೆಯ ಯೋಜನೆ ಅದು, ನಿಲ್ಲಿಸುವ ಮಾತು ಬೇಡ. ಅದು ನಿಲ್ಲಬಾರದು ಎಂದೇ ಹಾಲಿನ ಮೂಲವನ್ನು ನೋಡಿ ಅನ್ನುತ್ತಿದ್ದೇನೆ.

ಇದೆಲ್ಲ ನಮ್ಮಂಥ ದೇಶದಲ್ಲಿ ಆಗುವ ಕೆಲಸವಲ್ಲ ಎನ್ನುವವರಿಗೆ ಬಾಂಗ್ಲಾದೇಶದ ಅರಿಶಿನ ತೋರಿಸುತ್ತೇನೆ. ಅಲ್ಲಿ 1980ರ ದಶಕದಲ್ಲಿ ಪ್ರವಾಹ ಬಂದು ಅರಿಶಿನ ನೆನೆದು ಮಂಕಾಯಿತು. ಬಣ್ಣ ಬರಲಿ ಎಂದು ಸೀಸದ ಕ್ರೋಮೇಟ್ ಹಚ್ಚಲು ಶುರು ಮಾಡಿದರು. ಪ್ರವಾಹ ಇಳಿಯಿತು, ಹಚ್ಚುವ ಅಭ್ಯಾಸ ಮೂವತ್ತು ವರ್ಷ ಉಳಿಯಿತು. ಗರ್ಭಿಣಿಯರ ರಕ್ತದಲ್ಲಿ ಸೀಸ ಏಕಿದೆ ಎಂದು ಹುಡುಕುತ್ತಾ ಹೋದ ಸಂಶೋಧಕರು ಕೊನೆಗೆ ಅಡುಗೆಮನೆಯ ಅರಿಶಿನಕ್ಕೆ ಬಂದು ನಿಂತರು. 2019ರಲ್ಲಿ ಅಲ್ಲಿನ ಆಹಾರ ಸುರಕ್ಷತಾ ಪ್ರಾಧಿಕಾರ ಕೈಯಲ್ಲಿ ಹಿಡಿಯುವ ಯಂತ್ರ ತೆಗೆದುಕೊಂಡು ಢಾಕಾದ ಸಗಟು ಮಾರುಕಟ್ಟೆಗೇ ಹೋಯಿತು, ದಂಡ ಹಾಕಿತು, ಪತ್ರಿಕೆಯಲ್ಲಿ ಹಾಕಿಸಿತು. ಆ ವರ್ಷ ಮಾರುಕಟ್ಟೆಯ ಸ್ಯಾಂಪಲಿನಲ್ಲಿ ನೂರಕ್ಕೆ 47ರಲ್ಲಿ ಸೀಸ ಇತ್ತು. 2021ಕ್ಕೆ ಸೊನ್ನೆ. ನಿಲ್ಲಿಸಲು ಎರಡು ವರ್ಷ ಸಾಕಾಯಿತು, ಗಮನಿಸಲು ಮೂವತ್ತು ವರ್ಷ ಹಿಡಿಯಿತು. ನಮ್ಮ ಬ್ಯಾಡಗಿ ಮೆಣಸಿನಕಾಯಿಯೂ ಬಣ್ಣದ ಮೇಲೇ ನಿಂತ ಮಾಲು. ಕಣದಲ್ಲಿ ನೆನೆದು ಬಣ್ಣ ಹೋದ ವರ್ಷ ಪುಡಿಯ ಮೇಲೆ ಒಂದು ಕಣ್ಣಿಡಿ. ಬೆಳೆದವರ ಮೇಲೆ ಅನುಮಾನದಿಂದ ಹೇಳುತ್ತಿಲ್ಲ. ಪುಡಿಯಾಗುವುದು ಅವರ ಕೈ ಬಿಟ್ಟ ಮೇಲೆ.

ಕೊನೆಯದಾಗಿ ಒಂದು ಷರತ್ತು. ಇದು ರೈತರ ಪರವಾಗಿ. ಹಿಂಡಿಯಲ್ಲಿ ವಿಷ ಸಿಕ್ಕಿತು ಅಂದ ಕೂಡಲೇ ಬಡವನ ಹಾಲು ಚೆಲ್ಲಿಸಿ ಫೋಟೋ ತೆಗೆಸಬೇಡಿ. ಹಾಗೆ ಮಾಡಿದ ಮರುದಿನದಿಂದ ಯಾರೂ ನಿಮಗೆ ಬಾಯಿ ಬಿಡುವುದಿಲ್ಲ. ದನ ಹಿಂಡಿ ತಿನ್ನುತ್ತಿಲ್ಲ ಎಂದು ತಾನಾಗಿ ಬಂದು ಹೇಳಿದವನಿಗೆ ಪರೀಕ್ಷೆ ಪುಕ್ಕಟೆ ಮಾಡಿ. ಕೆಟ್ಟ ಹಿಂಡಿ ಬದಲಿಸಿಕೊಡುವ ಹೊಣೆ ಮಾರಿದವನ ಮೇಲೆ ಹಾಕಿ. ಆ ನಾಲ್ಕು ದಿನದ ಹಾಲಿನ ದುಡ್ಡು ರೈತನಿಗೆ ಹೇಗಾದರೂ ಸಿಗುವಂತೆ ಮಾಡಿ. ವಿಷವನ್ನು ಹೊಟ್ಟೆಯಲ್ಲೇ ಹಿಡಿದಿಡುವ ಬೆಂಟೋನೈಟ್ ಥರದ ಪುಡಿಗಳಿವೆ, ಮೇವಿಗೆ ಬೆರೆಸುವುದು. ಅಂಥ ಹೋಬಳಿಗೆ ಪಶು ಆಸ್ಪತ್ರೆಯಿಂದ ಅದನ್ನು ಕೊಡಿಸಿ. ಒಣಗಿಸಲು ಕಣ, ಟಾರ್ಪಾಲ್, ತೇವ ನೋಡುವ ಮೀಟರ್, ಇವು ಕೃಷಿ ಇಲಾಖೆಯ ಖರ್ಚು ಅಂತ ನನಗೆ ಗೊತ್ತು. ಆದರೂ ಆಹಾರ ಸುರಕ್ಷತೆಯ ಆಯುಕ್ತರೇ ಹೋಗಿ ಕೇಳಿದರೆ ಅವರು ಇಲ್ಲ ಎನ್ನಲಾರರು. ಪರೀಕ್ಷೆಯ ಫಲಿತಾಂಶ ಒಳ್ಳೆಯದಿದ್ದರೂ ಕೆಟ್ಟದಿದ್ದರೂ ಕನ್ನಡದಲ್ಲಿ, ತಾಲ್ಲೂಕುವಾರು, ಎಲ್ಲರಿಗೂ ಕಾಣುವಂತೆ ಹಾಕಿ. ಮುಚ್ಚಿಟ್ಟರೆ ವಾಟ್ಸಾಪಿನವರು ತಮಗೆ ತೋಚಿದ್ದನ್ನು ಹಾಕುತ್ತಾರೆ.

ಮುಂಗಾರಿನ ಗೋವಿನಜೋಳ ಅಕ್ಟೋಬರಿನಲ್ಲಿ ಕಟಾವಿಗೆ ಬರುತ್ತದೆ. ಅದಕ್ಕಿಂತ ಮೊದಲು ಹಾವೇರಿ, ದಾವಣಗೆರೆಯಂಥ ಎರಡು ಜಿಲ್ಲೆಗಳಲ್ಲಾದರೂ ಇದನ್ನು ಶುರು ಮಾಡಿ ನೋಡಿ. ನಮ್ಮ ತಾಲ್ಲೂಕಿನ ಹಾಲಿನ ಸಂಘಗಳ ಕಾರ್ಯದರ್ಶಿಗಳೆಲ್ಲ ನನಗೆ ಪರಿಚಯ. ರಿಜಿಸ್ಟರ್ ತೋರಿಸಿ ಎಂದು ನಿಮ್ಮವರು ಕೇಳಿದರೆ ಜೊತೆಗೆ ಕರೆದುಕೊಂಡು ಹೋಗಿ ಕೂರಿಸುತ್ತೇನೆ. ಬರುವುದಾದರೆ ಬೆಳಿಗ್ಗೆ ಆರಕ್ಕೆ ಬರಬೇಕು, ಎಂಟರ ನಂತರ ಯಾರೂ ಸಿಗುವುದಿಲ್ಲ.

ಇಂತಿ ನಮಸ್ಕಾರಗಳೊಂದಿಗೆ,
ಹಾಲಿನ ಸಂಘದ ಒಬ್ಬ ಮಾಜಿ ಕಾರ್ಯದರ್ಶಿ
ಹಾವೇರಿ ಜಿಲ್ಲೆ